ಗ್ಯಾಸ್ ಮುಗಿಯುವುದಿಲ್ಲ, ಸೋರುತ್ತದೆ

ಕಲಬುರಗಿಯ ಏಪ್ರಿಲ್ ಕೊನೆಯ ವಾರ ಹೇಗಿರುತ್ತದೆಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಬಿಸಿಲು 42 ಡಿಗ್ರಿ ದಾಟಿದ್ದ ಒಂದು ಮಧ್ಯಾಹ್ನ ಸೇಡಂನಿಂದ ಬರುತ್ತಿದ್ದೆವು. ನಮ್ಮ ಇಪ್ಪತ್ತು ವರ್ಷದ ಕಾರಿನ ಬಾನೆಟ್ ಒಳಗಿಂದ ಹಿಟ್ಟಿನ ಗಿರಣಿಗೆ ಹರಳು ಸಿಕ್ಕಂಥ ಸದ್ದು ಬಂತು. ಬೆಲ್ಟ್ ಕಿರುಚಿತು, ರಬ್ಬರ್ ಸುಟ್ಟ ವಾಸನೆ ಮೂಗಿಗೆ ಅಡರಿತು, ಎ.ಸಿ.ಯಿಂದ ಬರುತ್ತಿದ್ದ ಗಾಳಿ ಹೊರಗಿನ ಝಳದಷ್ಟೇ ಬಿಸಿಯಾಯಿತು. ಹಿಂದಿನ ಸೀಟಿನಲ್ಲಿದ್ದ ಅವ್ವ ಸೆರಗು ಬೀಸಿಕೊಳ್ಳುತ್ತ, "ಗ್ಯಾಸ್ ಮುಗದದ ಕಾಣ್ತದ, ಹಾಕಿಸ್ಕೊಂಡು ಬಾ" ಅಂದಳು. ನಮ್ಮ ಮನೆಯಲ್ಲಿ ಅದು ಉಪ್ಪಿನಕಾಯಿ ಹಾಕುವಷ್ಟೇ ಖಾಯಂ ಆದ ಬೇಸಿಗೆ ಕೆಲಸ. ಮೂರು ವರ್ಷದಿಂದ ಪ್ರತಿ ಮಾರ್ಚಿಗೂ ಗ್ಯಾಸ್ ಹಾಕಿಸುತ್ತಲೇ ಬಂದಿದ್ದೆ. ಹತ್ತು ನಿಮಿಷದ ಕೆಲಸ, ಕೊಟ್ಟ ದುಡ್ಡಿಗೆ ಆ ಬೇಸಿಗೆ ಹೇಗೋ ಕಳೆಯುತ್ತಿತ್ತು.

ಈ ಸಲ ಹೋದದ್ದು ಬೇರೆ ಗ್ಯಾರೇಜಿಗೆ. ಶಹಾಬಾದ್ ಫರಸಿ ಹಾಸಿದ ನೆಲ, ತಗಡಿನ ಮಾಡು, ಮೂಲೆಯಲ್ಲಿ ಹಸಿ ಬಟ್ಟೆ ಸುತ್ತಿದ ಗಡಿಗೆ. ಅರವತ್ತು ದಾಟಿದ ಮಿಸ್ತ್ರಿ ನನ್ನ ಮಾತು ಪೂರ್ತಿ ಕೇಳಿ ನಕ್ಕರು. "ಸರ, ಗ್ಯಾಸ್ ಅಂದ್ರ ಪೆಟ್ರೋಲ್ ಅಲ್ರೀ ಖರ್ಚಾಗ್ಲಾಕ. ಕಮ್ಮಿ ಆಗ್ಯದಂದ್ರ ಎಲ್ಲೋ ಸೋರ್ಲಾಕತ್ತದ. ಮೂರು ವರ್ಷ ತೂತಿನ ಕೊಡಕ್ಕ ನೀರ ತುಂಬೀರಿ."

ಕಾರಿನ ಎ.ಸಿ. ಅರ್ಥವಾಗಲು ಆ ಮೂಲೆಯ ಗಡಿಗೆಯೇ ಸಾಕು. ಗಡಿಗೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಕಾರಿನಲ್ಲೂ ನಡೆಯುವುದು ಅದೇ. ಆದರೆ ಆವಿಯಾದದ್ದನ್ನು ಅಲ್ಲಿ ಹಾರಿಹೋಗಲು ಬಿಡುವುದಿಲ್ಲ, ಹಿಡಿದು ಮತ್ತೆ ದ್ರವ ಮಾಡುತ್ತಾರೆ. ಆರ್-134ಎ ಎಂಬ ಆ ದ್ರವ ವಾತಾವರಣದ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಅದು ಕುದಿದು ಆವಿಯಾಗುವಾಗ ಕಾರಿನೊಳಗಿನ ಶಾಖ ಹೀರುತ್ತದೆ. ಆ ಆವಿಯನ್ನು ಎಳೆದುಕೊಂಡು ಒತ್ತಿ ಒತ್ತಿ ಮುಂದಿನ ಕಂಡೆನ್ಸರಿಗೆ ತಳ್ಳುವುದು ಕಂಪ್ರೆಸರ್. ಅಲ್ಲಿ ಶಾಖ ಹೊರಗಿನ ಗಾಳಿಗೆ ಹೋಗಿ ಆವಿ ಮತ್ತೆ ದ್ರವವಾಗುತ್ತದೆ. ನಮ್ಮ ಟಯರಿನಲ್ಲಿರುವುದು ಮೂವತ್ತು ಚಿಲ್ಲರೆ ಪೌಂಡ್ ಒತ್ತಡ. ನಮ್ಮೂರ ಬಿಸಿಲಿನಲ್ಲಿ ಕಂಪ್ರೆಸರ್ ಮುಂದಿನ ಪೈಪಿನಲ್ಲಿ ಅದು 250 ದಾಟುವುದುಂಟು.

ನನಗೆ ಗೊತ್ತಿಲ್ಲದಿದ್ದ ಸಂಗತಿ ಮುಂದಿನದು. ಎಂಜಿನ್ನಿಗೆ ಇರುವಂತೆ ಈ ಕಂಪ್ರೆಸರಿಗೆ ಎಣ್ಣೆಯ ಬೇರೆ ತೊಟ್ಟಿ ಇಲ್ಲ. ಅದರೊಳಗಿನ ಪಿಸ್ಟನ್‌ಗಳನ್ನು ನೆನೆಸುವ ಎಣ್ಣೆ ಗ್ಯಾಸಿನ ಜೊತೆಗೇ ಊರೆಲ್ಲ ಸುತ್ತಿ ಬರುತ್ತದೆ. ಗ್ಯಾಸ್ ಸೋರಿದಲ್ಲೆಲ್ಲ ಎಣ್ಣೆಯೂ ಜಿನುಗುತ್ತದೆ. ಪ್ರತಿ ಮಾರ್ಚಿನಲ್ಲಿ ನಾನು ಗ್ಯಾಸ್ ತುಂಬಿಸಿದೆ, ಎಣ್ಣೆ ಎಷ್ಟು ಹೋಗಿದೆ ಎಂದು ಯಾರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಮೂರನೆಯ ವರ್ಷಕ್ಕೆ ಕಂಪ್ರೆಸರ್ ಒಣಗಿ ತನ್ನನ್ನು ತಾನೇ ತಿಂದುಕೊಂಡಿತ್ತು.

ಮಿಸ್ತ್ರಿ ಮಾತ್ರ ಅವಸರದಿಂದ ತೀರ್ಪು ಕೊಡಲಿಲ್ಲ. ಮೊದಲು ಫ್ಯೂಸ್, ರಿಲೇ, ಪ್ರೆಶರ್ ಸ್ವಿಚ್ ನೋಡಿದರು. ಕಂಪ್ರೆಸರನ್ನು ಬೆಲ್ಟಿಗೆ ಜೋಡಿಸುವ ಕ್ಲಚ್ಚಿನ ಮ್ಯಾಗ್ನೆಟ್ ಕರೆಂಟ್ ಕೊಟ್ಟರೆ ಹಿಡಿಯುತ್ತದೋ ಇಲ್ಲವೋ ಪರೀಕ್ಷಿಸಿದರು. ಸಣ್ಣದೊಂದು ರಿಲೇ ಕೆಟ್ಟಿದ್ದಕ್ಕೆ ಇಡೀ ಕಂಪ್ರೆಸರ್ ಬದಲಿಸಿಕೊಂಡು ಬಂದವರ ಕತೆಗಳು ಅವರ ಬಳಿ ಬೇಕಾದಷ್ಟಿವೆ. ಕೊನೆಗೆ ಎಂಜಿನ್ ಆರಿಸಿ ಕ್ಲಚ್ಚಿನ ಮುಂದಿನ ತಟ್ಟೆಯನ್ನು ಕೈಯಿಂದ ತಿರುಗಿಸಲು ನೋಡಿದರು. ಅದು ಕದಲಲೇ ಇಲ್ಲ. ಪೈಪು ಬಿಚ್ಚಿದಾಗ ಬೆರಳಿಗೆ ಹತ್ತಿದ್ದು ಕಾಡಿಗೆಯಂಥ ಕಪ್ಪು ಅಂಟು. ಬಿಸಿಲಿಗೆ ಹಿಡಿದರೆ ಅದರಲ್ಲಿ ಲೋಹದ ಪುಡಿ ಮಿನುಗುತ್ತಿತ್ತು.

ಆ ಕಾಡಿಗೆಯೇ ಬಿಲ್ಲನ್ನು ಬೆಳೆಸಿದ್ದು. ಬರೀ ಕಂಪ್ರೆಸರ್ ಬದಲಿಸಿದರೆ ಹಳೆಯದರ ಪುಡಿ ಹೊಸದರ ಹೊಟ್ಟೆ ಸೇರುತ್ತದೆ, ಕೆಲವೇ ದಿನಗಳಲ್ಲಿ ಅದೂ ಜಾಮ್. ಪೈಪುಗಳನ್ನು ತೊಳೆಯಬಹುದು. ಆದರೆ ಕಂಡೆನ್ಸರಿನ ಕೂದಲೆಳೆಯಂಥ ಓಣಿಗಳಲ್ಲಿ ಸಿಕ್ಕಿಕೊಂಡದ್ದು ಪೂರ್ತಿ ಬರುವುದಿಲ್ಲ, ಅದನ್ನು ಬದಲಿಸಲೇಬೇಕು. ತೇವ ಹೀರುವ ಡ್ರೈಯರ್ ಬಾಟಲಿ, ದ್ರವದ ಒತ್ತಡ ಇಳಿಸಿ ಕಾಯಿಲ್ಲಿಗೆ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್, ಎಲ್ಲ ಓ-ರಿಂಗ್‌ಗಳೂ ಹೊಸವು. ಹೊಸ ಕಂಪ್ರೆಸರಿಗೆ 16,500 ರೂಪಾಯಿ, ಉಳಿದ ಸಾಮಾನು, ಎಣ್ಣೆ, ಗ್ಯಾಸ್, ಕೂಲಿ ಸೇರಿ ಒಟ್ಟು ಸುಮಾರು 30,000. ಕಾರನ್ನು ಮಾರಲು ಹೋದರೆ ಒಂದು ಲಕ್ಷ ಬಂದರೆ ಪುಣ್ಯ. ರೀಕಂಡೀಷನ್ ಮಾಡಿದ ಕಂಪ್ರೆಸರ್ ಆರು ಸಾವಿರಕ್ಕೆ ಸಿಗುತ್ತದೆಂದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಬಲ್ಲ ಗೆಳೆಯನೊಬ್ಬ ಫೋನಿನಲ್ಲಿ ಆಸೆ ಹುಟ್ಟಿಸಿದ. ಒಳಗೆ ಏನು ಬದಲಾಗಿದೆ, ಏನು ಬರೀ ಒರೆಸಿಕೊಂಡು ಬಂದಿದೆ ಎಂದು ಹೊರಗಿಂದ ಗೊತ್ತಾಗುವ ವಸ್ತು ಅದಲ್ಲ. ಹೊಸದನ್ನೇ ತರಿಸಿದೆ. ಎರಡನೇ ಸಲ ಬಿಚ್ಚುವ ಕೂಲಿ ಲೆಕ್ಕ ಹಾಕಿದರೆ ಅಗ್ಗದ್ದು ಅಗ್ಗವಾಗಿರಲಿಲ್ಲ.

ಕೆಲಸ ನಡೆದಿದ್ದಾಗ ಮಿಸ್ತ್ರಿಗೆ ಹಳೆಯ ಸಂಗತಿಯೊಂದನ್ನು ಹೇಳಿದೆ. ಅಮೆರಿಕದ ಪ್ಯಾಕರ್ಡ್ ಕಂಪನಿ 1940ರ ಮಾದರಿಯ ಕಾರುಗಳಿಗೆ ಎ.ಸಿ. ಜೋಡಿಸಿ ಮಾರಿದಾಗ ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ತಣ್ಣಗಾದದ್ದು ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ, ಕೆಳಗಿಳಿದು, ಬಾನೆಟ್ ಎತ್ತಿ ಬೆಲ್ಟ್ ಕಳಚಬೇಕಿತ್ತು. ಇದನ್ನು ಕೇಳಿ ಮಿಸ್ತ್ರಿ, "ಅದ ಛಲೋ ಇತ್ತ ನೋಡ್ರಿ, ಮಾಲಕರು ಬಾನೆಟ್ ಒಳಗ ಹಣಕಿಯಾದ್ರೂ ಹಾಕ್ತಿದ್ರು" ಅಂದರು. ಅದು ನನಗೇ ತಾಗಿತು.

ಸೋರಿಕೆ ಸಿಕ್ಕಿದ್ದು ಕಂಡೆನ್ಸರ್ ಪಕ್ಕದ ಒಂದು ಪೈಪಿನ ಕೀಲಿನಲ್ಲಿ. ಸುತ್ತಲಿನ ದೂಳೆಲ್ಲ ಒಣಗಿದ್ದರೆ ಅಲ್ಲಿ ಮಾತ್ರ ಎಣ್ಣೆ ಕುಡಿದು ಕಪ್ಪಗೆ ಗಟ್ಟಿಯಾಗಿ ಕೂತಿತ್ತು. ಇಪ್ಪತ್ತು ರೂಪಾಯಿಯ ರಬ್ಬರ್ ಉಂಗುರ. ಮೂರು ಬೇಸಿಗೆಯಲ್ಲಿ ಯಾರಾದರೂ ಟಾರ್ಚ್ ಹಿಡಿದು ನೋಡಿದ್ದರೆ ಕಾಣುತ್ತಿತ್ತು.

ಎಲ್ಲ ಜೋಡಿಸಿದ ಮೇಲೆ ನೈಟ್ರೋಜನ್ ತುಂಬಿ ಕೀಲುಗಳಿಗೆಲ್ಲ ಸೋಪಿನ ನೊರೆ ಹಚ್ಚಿದರು. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಚಹಾ ತರಿಸಿದರು. ಮುಕ್ಕಾಲು ತಾಸು ಪಂಪ್ ಓಡಿತು. ಗಾಳಿ ಎಳೆಯಲು ಇಷ್ಟು ಹೊತ್ತು ಯಾಕೆಂದು ಕೇಳಿದೆ. ಎಳೆಯಬೇಕಾದ್ದು ಗಾಳಿಯ ಜೊತೆಗಿನ ತೇವ. ಒತ್ತಡ ಅಷ್ಟು ಇಳಿದಾಗ ಪೈಪಿನೊಳಗಿನ ನೀರಿನ ಪಸೆ ನಮ್ಮ ಮಾಮೂಲಿ ಬಿಸಿಗೇ ಕುದಿದು ಆವಿಯಾಗಿ ಹೊರಬರುತ್ತದೆ. ಉಳಿದರೆ ಅದು ಗ್ಯಾಸು, ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಒಳಗಿನಿಂದ ಕೊರೆಯುತ್ತದೆ. ಪಂಪ್ ನಿಲ್ಲಿಸಿ ಇನ್ನೂ ಅರ್ಧ ತಾಸು ಗೇಜಿನ ಮುಳ್ಳು ಕದಲುತ್ತದೋ ಎಂದು ಕಾದರು. ಕದಲಲಿಲ್ಲ. ನನ್ನ ಹಳೆಯ ಹತ್ತು ನಿಮಿಷದ ಗ್ಯಾರೇಜಿನಲ್ಲಿ ಈ ಕಾಯುವಿಕೆಯನ್ನೇ ಉಳಿಸುತ್ತಿದ್ದರು. ಕೊನೆಗೆ ಗ್ಯಾಸನ್ನು ತಕ್ಕಡಿಯಲ್ಲಿಟ್ಟು, ಬಾನೆಟ್ಟಿನ ಚೀಟಿಯಲ್ಲಿ ಬರೆದಂತೆ ಸರಿಯಾಗಿ 500 ಗ್ರಾಂ ತುಂಬಿದರು. ಹೆಚ್ಚು ತುಂಬಿದರೂ ತಂಪು ಕಡಿಮೆಯಾಗುತ್ತದಂತೆ.

ಈ 500 ಗ್ರಾಂ ಬಗ್ಗೆ ಒಂದು ಮಾತು. ಹಿಂದೆ ಕಾರುಗಳಲ್ಲಿದ್ದ ಆರ್-12 ಓಜೋನ್ ಪದರಕ್ಕೆ ಹಾನಿಕರ, ಅಂಥವನ್ನು ನಿಲ್ಲಿಸಲೆಂದೇ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆದದ್ದು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನ್ ಮುಟ್ಟುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಜೋರು. ಅರ್ಧ ಕಿಲೋ ಗಾಳಿಗೆ ಬಿಟ್ಟರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಷ್ಟಾಯಿತು. ಮಾಂಟ್ರಿಯಲ್ ಒಪ್ಪಂದದ ಕಿಗಾಲಿ ತಿದ್ದುಪಡಿಗೆ 2021ರಲ್ಲಿ ಒಪ್ಪಿಗೆ ಕೊಟ್ಟ ಭಾರತ ಇಂಥ ಅನಿಲಗಳ ಬಳಕೆಯನ್ನು 2032ರಿಂದ ಇಳಿಸುತ್ತ ಹೋಗಬೇಕು. ತಂಪಾಗಲೆಂದು ನಾನು ಮೂರು ವರ್ಷ ಊರಿನ ಸೆಕೆಗೇ ಕಾಣಿಕೆ ಕೊಟ್ಟಿದ್ದೆ.

ಸಂಜೆ ಎ.ಸಿ. ಕಿಂಡಿಗೆ ಸಿಕ್ಕಿಸಿದ ಥರ್ಮಾಮೀಟರ್ 11 ಡಿಗ್ರಿ ತೋರಿಸಿತು. ಮರುದಿನ ಅವ್ವ, "ಭಾಳ ಥಂಡಿ ಆಗ್ತದ, ಸಣ್ಣ ಮಾಡೋ" ಅಂದಳು.

ನಿಮ್ಮದೂ ಹಳೆಯ ಕಾರಾಗಿದ್ದರೆ ಮುಂದಿನ ಬೇಸಿಗೆಗೆ ಗ್ಯಾಸ್ ಹಾಕಿಸುವ ಮುಂಚೆ ಸೋರಿಕೆ ಎಲ್ಲಿದೆ ಎಂದು ಕೇಳಿ. ತೋರಿಸದ ಗ್ಯಾರೇಜಿನಿಂದ ಗಾಡಿ ಹೊರಗೆ ತನ್ನಿ. ಡಿಸೆಂಬರ್ ಚಳಿಯಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಹಚ್ಚಿ, ಕಂಪ್ರೆಸರಿನ ಸೀಲ್ ಒಣಗದೆ ಎಣ್ಣೆಯಲ್ಲಿ ನೆನೆದಿರಲಿ.