ಕಾರು, ಗುಂಡು, ಗಾಲ್ಫು: ಜಿಟಿಎ ಮಿಕ್ಸ್ಚರ್‌ನಲ್ಲಿ ನಮ್ಮೂರಿನ ಪಾಲೆಷ್ಟು?

ಶಿವಾಜಿನಗರ ಬಸ್ ಸ್ಟ್ಯಾಂಡಿನಿಂದ ಇಂದಿರಾನಗರಕ್ಕೆ ಆಟೋದಲ್ಲಿ ಹೋಗೋದನ್ನ ಒಂದು ವಿಡಿಯೋ ಗೇಮ್ ಅಂದುಕೊಳ್ಳಿ. ಮೊದಲು ಚೌಕಾಸಿ, ಅಂದರೆ ಮಾತಿನ ಆಟ. ಅದು ಕನ್ನಡದಲ್ಲಿ ಶುರುವಾಗಿ, ಉರ್ದುಗೆ ಹೊರಳಿ, ಹಲಸೂರು ಬರೋ ಹೊತ್ತಿಗೆ ತಮಿಳಾಗಿರುತ್ತೆ. ಆಮೇಲೆ ರೇಸು. ಹಲಸೂರು ಕೆರೆ ಪಕ್ಕ ಅಡ್ಡ ನುಗ್ಗೋ ಸ್ಕೂಟರ್‌ಗಳಿಂದ ತಪ್ಪಿಸಿಕೊಳ್ಳೋ ಆಟ. ಕೊನೆಗೆ ಚಿಲ್ಲರೆ ಲೆಕ್ಕ. ನಾಲ್ಕೂ ಬೇರೆ ಬೇರೆ ಆಟ, ಆದರೆ ನಮಗೆ ಅನ್ನಿಸೋದು ಒಂದೇ ಪ್ರಯಾಣ. 'ಗ್ರ್ಯಾಂಡ್ ಥೆಫ್ಟ್ ಆಟೋ', ಅಂದರೆ ಜಿಟಿಎ ಮಾಡೋದೂ ಇದನ್ನೇ.

ಕಾರಿನ ಗೇಮ್ ಬೇರೆ, ಶೂಟಿಂಗ್ ಗೇಮ್ ಬೇರೆ ಅಂತಿದ್ದ ಕಾಲದಲ್ಲಿ, 1997ರಲ್ಲಿ ಮೊದಲ ಜಿಟಿಎ ಬಂತು. ಸ್ಕಾಟ್ಲೆಂಡಿನ ಡಂಡೀ ಊರಿನ ಡಿಎಂಎ ಡಿಸೈನ್ ಕಂಪನಿ ಅದನ್ನ ಶುರು ಮಾಡಿದ್ದು 'ರೇಸ್ ಎನ್ ಚೇಸ್' ಅನ್ನೋ ಹೆಸರಲ್ಲಿ. ರೇಸು, ಪೊಲೀಸರ ಚೇಸು, ಅಷ್ಟೇ ಪ್ಲಾನು. ತಯಾರಿಯ ನಡುವೆ ಒಂದು ಬಗ್‌ನಿಂದಾಗಿ ಪೊಲೀಸ್ ಕಾರುಗಳಿಗೆ ಹುಚ್ಚು ಹಿಡಿದಂತಾಗಿ, ಆಟಗಾರನನ್ನ ಹಿಂದೆಮುಂದೆ ನೋಡದೆ ಗುದ್ದೋಕೆ ಶುರು ಮಾಡಿದವು. ಆಡಿ ನೋಡ್ತಿದ್ದವರಿಗೆ ರೇಸಿಗಿಂತ ಅದೇ ಮಜಾ ಕೊಟ್ಟಿತು. ರೇಸು ಹಿಂದೆ ಸರಿದು, ಇಡೀ ಊರೇ ಆಟದ ಮೈದಾನವಾಯಿತು.

2004ರ 'ಸ್ಯಾನ್ ಆಂಡ್ರಿಯಾಸ್' ಇದಕ್ಕೆ ರೋಲ್ ಪ್ಲೇಯಿಂಗ್ ಸೇರಿಸಿತು. ಜಿಮ್‌ಗೆ ಹೋದರೆ ಹೀರೋಗೆ ಮೈಕಟ್ಟು, ಬರ್ಗರ್ ಜಾಸ್ತಿ ತಿಂದರೆ ಹೊಟ್ಟೆ. 2013ರ ಸೆಪ್ಟೆಂಬರ್‌ನಲ್ಲಿ ಬಂದ ಜಿಟಿಎ 5ರಲ್ಲಂತೂ ಏನಿಲ್ಲ? ಟೆನಿಸ್, ಗಾಲ್ಫ್, ಪ್ಯಾರಾಚೂಟ್, ಷೇರು ಮಾರುಕಟ್ಟೆ, ಕೊನೆಗೆ ಯೋಗ ಕೂಡ. ನನಗೆ ಹೆಚ್ಚು ಹಿಡಿಸಿದ್ದು ಅದರ ದರೋಡೆ ಮಿಷನ್‌ಗಳು. ಒಳಗೆ ಹೇಗೆ ನುಗ್ಗಬೇಕು, ಸದ್ದು ಮಾಡಿಯೋ ಗುಟ್ಟಾಗಿಯೋ ಅನ್ನೋದನ್ನ ಮೊದಲೇ ಆರಿಸಬೇಕು. ತಂಡ ಕಟ್ಟಬೇಕು. ಕಡಿಮೆ ಪಾಲು ಕೇಳೋ ಹ್ಯಾಕರ್‌ನ ಇಟ್ಟುಕೊಂಡರೆ ದುಡ್ಡು ಉಳಿಯುತ್ತೆ, ಆದರೆ ಅಂಗಡಿ ದೋಚೋಕೆ ಸಿಗೋ ಸಮಯ ಕಡಿಮೆ. ಬಜೆಟ್‌ನಲ್ಲಿ ಟೀಮ್ ಹೈರ್ ಮಾಡಿದ ಯಾವ ಮ್ಯಾನೇಜರ್‌ಗೂ ಈ ಸಂಕಟ ಗೊತ್ತು! ಹೀಗೆ ಲೆಕ್ಕಾಚಾರದ ಆಟ ಶುರುವಾಗಿ, ಗುಂಡಿನ ಆಟವಾಗಿ, ಕಾರಿನ ಆಟವಾಗಿ ಮುಗಿಯುತ್ತೆ. ಇಲ್ಲಿವರೆಗೆ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. (ಇದು 18 ದಾಟಿದವರ ಗೇಮ್. ಮನೆಯಲ್ಲಿ ಚಿಕ್ಕವರಿದ್ದರೆ ನೆನಪಿರಲಿ.)

ಆದರೆ ಹತ್ತು ಬಗೆ ಸುರಿದ ಮಾತ್ರಕ್ಕೆ ಗೇಮ್ ಚೆನ್ನಾಗಾಗಲ್ಲ. ಅಸಲಿ ಕೆಲಸ ಇರೋದು ಹೊಲಿಗೆಯಲ್ಲಿ. ಪ್ಲೇಸ್ಟೇಷನ್ ಕಂಟ್ರೋಲರ್‌ನ ಬಲಗಡೆ ಟ್ರಿಗರ್ ತಗೊಳ್ಳಿ. ಕಾರಲ್ಲಿದ್ದರೆ ಅದು ಆಕ್ಸಿಲರೇಟರ್, ಇಳಿದ ತಕ್ಷಣ ಬಂದೂಕಿನ ಕುದುರೆ. ಬೆರಳಿಗೆ ಗೊಂದಲವಾಗಬಾರದು. ಇದೇ ರಾಕ್‌ಸ್ಟಾರ್ ಗೇಮ್ಸ್ ಕಂಪನಿಯ 'ರೆಡ್ ಡೆಡ್ ರಿಡೆಂಪ್ಷನ್ 2'ರಲ್ಲಿ (2018) ಈ ಹೊಲಿಗೆ ಬಿಚ್ಚೋದನ್ನ ನೋಡಬಹುದು. ಕೈ ಖಾಲಿ ಇದ್ದಾಗ ದಾರಿಹೋಕರನ್ನ ಮಾತಾಡಿಸೋ ಬಟನ್ನೇ, ಕೈಯಲ್ಲಿ ಬಂದೂಕಿದ್ದರೆ ಗುರಿ ಇಡೋ ಬಟನ್. ನಮಸ್ಕಾರ ಹೇಳೋಕೆ ಹೋಗಿ ಊರ ತುಂಬ ರಂಪ ಮಾಡಿಕೊಂಡವರು ಒಬ್ಬಿಬ್ಬರಲ್ಲ. ಫೋನಲ್ಲಂತೂ ಇನ್ನೂ ಕಷ್ಟ. ಪರ್ಪಲ್ ಲೈನ್‌ನಲ್ಲಿ ಕೆ.ಆರ್. ಪುರದವರೆಗೆ ನಿಂತುಕೊಂಡೇ ಸ್ಯಾನ್ ಆಂಡ್ರಿಯಾಸ್ ಆಡಿ ನೋಡಿ. ಕಾರು ಹತ್ತಿ ಇಳಿದಾಗಲೆಲ್ಲ ಗಾಜಿನ ಮೇಲಿನ ಬಟನ್‌ಗಳೇ ಬದಲಾಗಿ, ಹೆಬ್ಬೆರಳು ದಾರಿ ತಪ್ಪುತ್ತೆ.

ಇನ್ನು ನಮ್ಮೂರಿನ ವಿಷಯ. ಮೊದಲ ಜಿಟಿಎ ಬಂದ ಅದೇ 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದರು. ಭಾರತದ ಮೊದಲ ಗೇಮ್ ಸ್ಟುಡಿಯೋ ಅಂತ ಅದಕ್ಕೆ ಹೆಸರು. ಅವರ ಹೆಚ್ಚಿನ ಕೆಲಸ ಬೇರೆಯವರ ಗೇಮ್‌ಗಳಿಗೆ ಆರ್ಟ್ ಮಾಡಿಕೊಡೋದು. ಮೈಕ್ರೋಸಾಫ್ಟ್‌ನ ಫೋರ್ಜಾ ರೇಸಿಂಗ್ ಗೇಮ್‌ಗಳಲ್ಲಿ ಅವರ ಕೈ ಇದೆ. 2016ರ ಕೊನೆಯಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಝ್ ಕಂಪನಿ ಧ್ರುವವನ್ನ ಕೊಳ್ಳೋದಾಗಿ ಘೋಷಿಸಿತು. 2019ರಲ್ಲಿ ಅದು ದುಡ್ಡಿನ ಬಿಕ್ಕಟ್ಟಿಗೆ ಸಿಕ್ಕಿ, ರಾಕ್‌ಸ್ಟಾರ್‌ನ ಮಾತೃಸಂಸ್ಥೆ ಟೇಕ್-ಟು ಕಂಪನಿಗೆ ಸುಮಾರು 79 ಲಕ್ಷ ಡಾಲರ್‌ಗೆ ತನ್ನ ಪಾಲು ಮಾರಿತು. ಧ್ರುವದ 300ಕ್ಕೂ ಹೆಚ್ಚು ಜನ ಬೆಂಗಳೂರಲ್ಲೇ ಇದ್ದ ರಾಕ್‌ಸ್ಟಾರ್ ಇಂಡಿಯಾ ಸ್ಟುಡಿಯೋಗೆ ಸೇರಿಕೊಂಡರು. ರೆಡ್ ಡೆಡ್ 2ರ ಕ್ರೆಡಿಟ್ಸ್‌ನಲ್ಲೂ ರಾಕ್‌ಸ್ಟಾರ್ ಇಂಡಿಯಾ ಹೆಸರಿದೆ. ಕುದುರೆ, ಪೋಕರ್, ಮೀನು ಹಿಡಿಯೋದು, ಶೂಟಿಂಗ್ ಎಲ್ಲ ಬೆರೆಸಿದ ಆ ಗೇಮ್‌ಗೆ ಇಲ್ಲಿಯ ಜನರೂ ದುಡಿದಿದ್ದಾರೆ.

ಹೆಮ್ಮೆ ಪಡೋಣ, ಸರಿ. ಆದರೆ ಒಂದು ಪ್ರಶ್ನೆ ನನ್ನನ್ನ ಬಿಡಲ್ಲ. ಬೇರೆಯವರ ಗೇಮ್‌ಗೆ ಕಾರು, ಗೋಡೆ, ಮರ ಮಾಡಿಕೊಡೋದು ಒಂದು ಕೆಲಸ. ಯಾವುದಕ್ಕೆ ಯಾವುದನ್ನ ಬೆರೆಸಬೇಕು, ಯಾವ ಬಟನ್ ಯಾವಾಗ ಏನು ಮಾಡಬೇಕು ಅಂತ ತೀರ್ಮಾನಿಸೋದು ಇನ್ನೊಂದು. ಐಟಿಯಲ್ಲಿರೋ ನಿಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಟಿಕೆಟ್ ಮುಚ್ಚೋರು ಯಾರು, ರೋಡ್‌ಮ್ಯಾಪ್ ಬರೆಯೋರು ಯಾರು ಅಂತ ಗೊತ್ತಲ್ಲ. ಇಷ್ಟು ವರ್ಷದಲ್ಲಿ ಬೆಂಗಳೂರಿನ ಬೀದಿ, ಬೆಂಗಳೂರಿನ ಮಾತು ಇರೋ ಅಷ್ಟು ದೊಡ್ಡ ಬೆರಕೆ ಗೇಮ್ ಒಂದನ್ನೂ ನಾವು ಆಡಿಲ್ಲ. ಕೈಚಳಕಕ್ಕೆ ಇಲ್ಲಿ ಬರ ಇಲ್ಲ. ವರ್ಷಗಟ್ಟಲೆ ಸಂಬಳ ಕೊಟ್ಟು, ಮಾಡಿದ್ದರಲ್ಲಿ ಅರ್ಧ ಬಿಸಾಕಿ, ಮತ್ತೆ ಹೊಲಿಯೋಕೆ ಬಿಡೋ ದುಡ್ಡಿಗೆ ಬರ. ಡಂಡೀಯಲ್ಲಿ ಆ ಬಗ್ ಸಿಕ್ಕಾಗ ಪ್ಲಾನ್ ಬದಲಿಸಿದ್ದು ಅಲ್ಲಿ ಗೇಮ್ ಕಟ್ಟುತ್ತಿದ್ದವರೇ. ಗುತ್ತಿಗೆ ಕೆಲಸದಲ್ಲಿ ಬಗ್ ಸಿಕ್ಕರೆ ಸರಿ ಮಾಡಿ ಕಳಿಸಬೇಕು, ಅಷ್ಟೇ.

ಸರ್ಕಾರ ಸುಮ್ಮನೆ ಕೂತಿಲ್ಲ. ಅನಿಮೇಷನ್, ಗೇಮಿಂಗ್‌ಗಂತಲೇ 2012ರಲ್ಲೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. 2021ರಲ್ಲಿ ಕೆ.ಆರ್. ಪುರ ದಾಟಿದರೆ ಸಿಗೋ ಮಹದೇವಪುರದಲ್ಲಿ ಇದಕ್ಕೆಂದೇ ಉತ್ಕೃಷ್ಟತಾ ಕೇಂದ್ರ ಶುರುವಾಯಿತು. 2024–29ಕ್ಕೆ ಹೊಸ ನೀತಿಯೂ ಬಂದಿದೆ. ಇವು ಕೆಲಸ ಹುಟ್ಟಿಸುತ್ತವೆ, ನಿಜ. ಗೇಮ್ ಹುಟ್ಟಿಸುತ್ತವಾ ಅನ್ನೋದಕ್ಕೆ ಉತ್ತರ ಅಲ್ಲಿ ಕಲಿತು ಹೊರಬರೋ ಹುಡುಗ ಹುಡುಗಿಯರೇ ಕೊಡಬೇಕು.

ಜಿಟಿಎ 6ಕ್ಕೆ 2026ರ ನವೆಂಬರ್ 19ರ ದಿನಾಂಕ ಘೋಷಿಸಿದ್ದಾರೆ. ಅಲ್ಲಿವರೆಗೆ ನಿಮಗೊಂದು ಹೋಮ್‌ವರ್ಕ್. ಕೆ.ಆರ್. ಪುರ ತೂಗುಸೇತುವೆ ಹತ್ತಿರ ಸಂಜೆ ಏಳಕ್ಕೆ ಬಸ್ ಹಿಡಿಯೋದೇ ಒಂದು ಲೆವೆಲ್ ಅಂದುಕೊಳ್ಳಿ. ಅದರಲ್ಲಿ ಯಾವ್ಯಾವ ಆಟ ಬೆರೆಸುತ್ತೀರಿ? ಓದುಗರ ಅಂಕಣಕ್ಕೆ ಬರೆದು ಕಳಿಸಿ.