ಅದೇ ಮೂಗುತಿ, ಅದೇ ಜೀವ

ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಪುಣೆಗೆ ಹೊರಟವರಿಗೆ ದೌಂಡ್ ತಾಲ್ಲೂಕಿನ ಕುರಕುಂಭ ಹೆದ್ದಾರಿಯಲ್ಲೇ ಸಿಗುತ್ತದೆ. ಒಂದು ಕಡೆ ರಾಸಾಯನಿಕ ಕಾರ್ಖಾನೆಗಳ ಕೈಗಾರಿಕಾ ವಸಾಹತು, ಇನ್ನೊಂದು ಕಡೆ ಫಿರಂಗಾಯಿ ದೇವಿಯ ಗುಡಿ. ಇದೇ ಪುಣೆ ಜಿಲ್ಲೆಯಲ್ಲಿ, ಇಲ್ಲಿಂದ ಪಶ್ಚಿಮಕ್ಕೆ ಪುರಂದರಗಡವಿದೆ. ಪುರಂದರದಾಸರು (1484–1564) ಹುಟ್ಟಿದ್ದು ಆ ಕೋಟೆಯ ಸೀಮೆಯಲ್ಲಿ ಎಂದು ಬಹುಕಾಲ ನಂಬಿದವರಿದ್ದಾರೆ. ಅಲ್ಲ, ತೀರ್ಥಹಳ್ಳಿ ಕಡೆಯ ಆರಗದ ಬಳಿ ಎಂದು ವಾದಿಸುವವರೂ ಇದ್ದಾರೆ.

ದಾಸರು ಎಲ್ಲಿಯವರು ಎಂಬ ಜಗಳದೊಳಗೆ ಇನ್ನೂ ಹಳೆಯ ಪ್ರಶ್ನೆಯೊಂದು ಕೂತಿದೆ: ಮೂಲ ಬೇರೆಯಾದರೆ ವಸ್ತುವೂ ಬೇರೆಯೇ? ಅಮೆರಿಕದ ತತ್ತ್ವಜ್ಞಾನಿ ಸಾಲ್ ಕ್ರಿಪ್ಕಿ 1970ರ ಉಪನ್ಯಾಸಗಳಲ್ಲಿ ಹೌದು ಎಂದರು. ಬೇರೆ ತಂದೆತಾಯಿಗೆ ಹುಟ್ಟಿದವರು ಎಷ್ಟೇ ಹೋಲಲಿ, ಈ ವ್ಯಕ್ತಿ ಆಗಲಾರರು ಎಂಬುದು ಅವರ ವಾದ.

ನಮ್ಮಲ್ಲಿ ಈ ಪ್ರಶ್ನೆ ಮೂಗುತಿಯ ಕಥೆಯಾಗಿ ಬಂದಿದೆ. ಬಡವನೊಬ್ಬ ಮಾರಲು ತಂದ ಮೂಗುತಿ ತನ್ನ ಹೆಂಡತಿಯದೇ ಎಂದು ಗುರುತಿಸಿದ, ಮುಂದೆ ಪುರಂದರದಾಸರೆನಿಸಿದ ಚಿನಿವಾರ ಶ್ರೀನಿವಾಸ ನಾಯಕ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾನೆ. ಮನೆಗೆ ಬಂದು ಕೇಳಿದರೆ, ಅದನ್ನು ಆ ಬಡವನಿಗೆ ದಾನ ಕೊಟ್ಟು, ಈಗ ಹೆದರಿ ಕುಡಿಯಹೊರಟ ವಿಷದ ಬಟ್ಟಲಲ್ಲಿ ಸಿಕ್ಕ ಮೂಗುತಿಯನ್ನು ಆಕೆ ಅವನ ಅಂಗೈಗಿಡುತ್ತಾಳೆ. ಚಿನಿವಾರನ ಕಣ್ಣು ತಪ್ಪುವುದಿಲ್ಲ: ಅದೇ ಮೂಗುತಿ. ಓಡಿ ಹೋಗಿ ನೋಡಿದರೆ ಪೆಟ್ಟಿಗೆ ಖಾಲಿ. ಬಂದ ದಾರಿ ಬೇರೆ, ವಸ್ತು ಅದೇ.

ಛಾಂದೋಗ್ಯ ಉಪನಿಷತ್ತಿನಲ್ಲಿ ಹನ್ನೆರಡು ವರ್ಷ ಓದಿ ಬೀಗಿದ ಶ್ವೇತಕೇತುವಿಗೆ ತಂದೆ ಉದ್ದಾಲಕ ಹೇಳಿದ್ದೂ ಮಣ್ಣು, ಬಂಗಾರ, ಕಬ್ಬಿಣದ ದೃಷ್ಟಾಂತಗಳನ್ನೇ. ಮಣ್ಣೇ ಸತ್ಯ, ಮಡಕೆ ಬರೀ ಹೆಸರು ಎಂದು ಅದ್ವೈತಿಗಳು ಅದನ್ನು ಓದಿದರು. ಮೊದಲು ಇಲ್ಲದ ಮಡಕೆ ಹೊಸದಾಗಿಯೇ ಹುಟ್ಟುತ್ತದೆ ಎಂದರು ನೈಯಾಯಿಕರು. ದಾಸರು ನಂಬಿದ ಮಧ್ವಮತದಲ್ಲಿ ಪ್ರತಿ ಜೀವಕ್ಕೂ ತನ್ನದೇ ಸ್ವರೂಪವಿದೆ. ಅದು ಇನ್ನೊಂದು ಜೀವದೊಂದಿಗೂ ದೇವರೊಂದಿಗೂ ಎಂದೂ ಒಂದಾಗದು.

ಇಷ್ಟು ಜಗಳದ ನಡುವೆಯೂ ಈ ಮೂರೂ ಮತದವರು ಒಂದು ಮಾತನ್ನು ಒಪ್ಪುತ್ತಾರೆ: ದೇಹಕ್ಕೆ ತಾಯಿತಂದೆ, ಊರು ಉಂಟು, ಆತ್ಮ ಅನಾದಿ. ಹುಟ್ಟೇ ಇಲ್ಲದ್ದರ ಗುರುತನ್ನು ಹುಟ್ಟಿದ ಜಾಗದಲ್ಲಿ ಹುಡುಕುವುದು ಹೇಗೆ? ನಾಯಕ ಇದ್ದುದನ್ನೆಲ್ಲ ದಾನ ಮಾಡಿದ, ಹಂಪಿಗೆ ಹೋಗಿ ವ್ಯಾಸರಾಯರ ಶಿಷ್ಯನಾದ, ಹೆಸರನ್ನೂ ಬಿಟ್ಟ. ಹಣ ಎಣಿಸುತ್ತಿದ್ದ ಕೈಗೆ ತಂಬೂರಿ ಬಂತು. ಜೀವ ಮಾತ್ರ ಅದೇ.

ದಾಸರ ಹುಟ್ಟೂರನ್ನು ಹುಡುಕುವ ಕೆಲಸ ನಡೆಯಲಿ. ಶಾಸನ, ದಾಖಲೆಗಳು ಸಿಗಲಿ. ಅದು ಇತಿಹಾಸಕ್ಕೆ ಬೇಕು. ಆದರೆ ಆರಗ ಗೆದ್ದರೂ ಪುರಂದರಗಡ ಗೆದ್ದರೂ ದಾಸರು ಬೇರೆಯವರಾಗುವುದಿಲ್ಲ. ಅವರ ವಿಳಾಸ ಅವರ ಅಂಕಿತದಲ್ಲೇ ಇದೆ: ಪುರಂದರ ವಿಠಲ.