ಎರಡು ಸಹಿಯ ವಿಮಾನ

ಬ್ಯಾಂಕಿನಲ್ಲಿ ಲೆಜರ್ ಬರೆದು ನಿವೃತ್ತನಾದ ಮುದುಕನಿಗೆ ವಿಮಾನದ ಉಸಾಬರಿ ಯಾಕೆ? ನಮ್ಮ ಬೆಲ್ಲದ ಬಾಗೇವಾಡಿಯಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳದವರಿಲ್ಲ. ಎಪ್ಪತ್ತು ದಾಟಿದ ಮೇಲೆ ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಹಾರಿಸಲು ಕಲಿತವನು ನಾನು. ಕಲಿಸಿದವನು ಏಳನೆಯ ಇಯತ್ತೆಯ ಮೊಮ್ಮಗ. ಆದರೆ ನಾವು ಶುರು ಮಾಡಿದ ರೀತಿ ಪೂರ್ತಿ ತಪ್ಪಾಗಿತ್ತು. ಆ ತಪ್ಪು ನಿಮ್ಮ ಮನೆಯಲ್ಲಿ ಆಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಅವನ ಹುಟ್ಟುಹಬ್ಬಕ್ಕೆ ನನ್ನ ಪಿಂಚಣಿಯ ಹಣದಲ್ಲಿ ಒಂದು ವಿಮಾನ ತರಿಸಿದೆ. ಯುದ್ಧ ವಿಮಾನದ ಆಕಾರ, ಬಣ್ಣವೂ ಚೆಂದ. ಜೊತೆಗಿದ್ದ ಪುಸ್ತಿಕೆಯನ್ನು ಇಬ್ಬರೂ ಓದಲಿಲ್ಲ. ಸಂಜೆ ಮಕ್ಕಳು ಆಡುವ ಬಯಲಿಗೆ ಒಯ್ದು ತೂರಿಯೇ ಬಿಟ್ಟೆವು. ಅದು ಬಾಣದಂತೆ ಹೋಯಿತು, ತಿರುಗಿತು, ನಮ್ಮ ಕಡೆಗೇ ಬಂತು. ಹುಡುಗ ಗಾಬರಿಯಿಂದ ಕೋಲನ್ನು ಬಲಕ್ಕೆ ಒತ್ತಿದ, ವಿಮಾನ ಎಡಕ್ಕೆ ಬಂತು. ನೆರೆಮನೆಯ ಪುಟ್ಟ ಹುಡುಗಿಯೊಬ್ಬಳು ಅಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಅವಳಿಂದ ಎರಡು ಮಾರು ದೂರದಲ್ಲಿ ಮೂತಿ ಕೆಳಗಾಗಿ ನೆಲಕ್ಕೆ ಬಡಿಯಿತು. ಪ್ರೊಪೆಲ್ಲರ್ ಚೂರು ಚೂರಾಯಿತು.

ಮಗುವಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. "ಅಜ್ಜಾ, ಆಕೀಗೆ ಬಡದಿದ್ರ?" ಎಂದು ಮೊಮ್ಮಗ ಒಂದೇ ಮಾತು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ನಿದ್ದೆ ಬಾರದೆ ಮಲಗಿದ್ದಾಗ ಬ್ಯಾಂಕಿನ ದಿನಗಳು ನೆನಪಾದವು. ಅಲ್ಲಿ ನಾನು ಬರೆದ ವೋಚರ್ ನನ್ನೊಬ್ಬನ ಸಹಿಯಿಂದ ಎಂದೂ ಪಾಸಾದದ್ದಿಲ್ಲ. ಒಬ್ಬರು ಬರೆಯಬೇಕು, ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ಸಂಜೆ ಹತ್ತು ಪೈಸೆ ತಾಳೆಯಾಗದಿದ್ದರೂ ಮನೆಗೆ ಹೋಗುವಂತಿರಲಿಲ್ಲ. ಹತ್ತು ಪೈಸೆಗೆ ಅಷ್ಟು ಎಚ್ಚರ ವಹಿಸಿದವನು ಒಂದು ಮಗುವಿನ ತಲೆಯ ಮೇಲೆ ಹಾರುವ ವಸ್ತುವಿಗೆ ಒಂದು ಸಹಿಯನ್ನೂ ಕೇಳಿರಲಿಲ್ಲ. ಮರುದಿನ ಆ ಹುಡುಗಿಯ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಆಮೇಲೆ ಮೊಮ್ಮಗನಿಗೆ ಹೇಳಿದೆ: "ಬಿಡೂದು ಬ್ಯಾಡ. ಒಂದನೇ ಪಾಠದಿಂದ ಸುರು ಮಾಡೂಣು."

ಒಂದನೆಯ ಪಾಠಕ್ಕೆ ಮೋಟಾರೂ ಇಲ್ಲ, ರೇಡಿಯೊವೂ ಇಲ್ಲ. ತೆಳುವಾದ ಥರ್ಮಾಕೋಲ್ ಹಾಳೆಯಿಂದ ರೆಕ್ಕೆ, ಬಾಲ ಕತ್ತರಿಸಿ ಬಿದಿರು ಕಡ್ಡಿಗೆ ಅಂಟಿಸಿ, ಕೈಯಿಂದ ತೂರುವ ಗ್ಲೈಡರ್ ಮಾಡಿದೆವು. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಸುಮಾರು ಮೂರರಲ್ಲಿ ಒಂದು ಭಾಗ ಹಿಂದಕ್ಕೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ಸಮನಾಗಿ ನಿಲ್ಲಬೇಕು. ತೂರಿದಾಗ ಮೂತಿ ಎತ್ತಿ, ನಿಂತು, ಬಿದ್ದರೆ ಮೂತಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಬೇಕು. ನೇರ ನೆಲಕ್ಕೆ ಹೊಕ್ಕರೆ ಮಣ್ಣು ತೆಗೆಯಬೇಕು. ತಕ್ಕಡಿಯ ಲೆಕ್ಕ, ಅಷ್ಟೇ. ಆದರೆ ದೊಡ್ಡ ವಿಮಾನಕ್ಕೂ ಇದೇ ಲೆಕ್ಕ.

ಇದನ್ನು ಚಿಕ್ಕ ಆಟ ಎನ್ನಬೇಡಿ. 1878ರಲ್ಲಿ ಅಮೆರಿಕದ ತಂದೆಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳಿಗೆ ರಬ್ಬರ್ ಸುತ್ತಿ ಹಾರಿಸುವ ಆಟಿಕೆಯೊಂದನ್ನು ತಂದುಕೊಟ್ಟರು. ಆ ಮಕ್ಕಳೇ ವಿಲ್ಬರ್ ಮತ್ತು ಆರ್ವಿಲ್ ರೈಟ್. 25 ವರ್ಷಗಳ ನಂತರ, 1903ರಲ್ಲಿ, ಅವರು ಮನುಷ್ಯನನ್ನು ಹೊತ್ತ ವಿಮಾನವನ್ನೇ ಹಾರಿಸಿದರು. ರೇಡಿಯೊದಿಂದ ಮಾದರಿ ವಿಮಾನ ಹಾರಿಸಿದವರಲ್ಲಿ ಮೊದಲಿಗರೂ ಅಣ್ಣತಮ್ಮಂದಿರೇ. ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿಗಳು 1937ರಲ್ಲಿ 'ಗಫ್' ಎಂಬ ವಿಮಾನ ಹಾರಿಸಿದರು. ನೋಡಿ, ಇಲ್ಲಿಯೂ ಇಬ್ಬಿಬ್ಬರು.

ಎರಡನೆಯ ಪಾಠ, ಸರಿಯಾದ ವಿಮಾನದ ಆಯ್ಕೆ. ನಮ್ಮ ನಾಡಿನ ಒಂದು ಕಥೆ ಇದೆ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ವಿಮಾನ 1951ರಲ್ಲಿ ಮೊದಲ ಸಲ ಹಾರಿತು. ಘಾಟಗೆಯವರು ನಮ್ಮ ಪಕ್ಕದ ಕೊಲ್ಹಾಪುರ ಕಡೆಯವರು. ಅವರು ಮಾಡಿದ್ದು ತರಬೇತಿ ವಿಮಾನ. ಒಂದರ ಹಿಂದೊಂದು ಎರಡು ಆಸನ, ಒಬ್ಬ ಕಲಿಯುವವನು, ಒಬ್ಬ ಕಲಿಸುವವನು. ಕಲಿಯುವವನಿಗೆ ಕಲಿಯುವವನ ವಿಮಾನವೇ ಬೇಕು, ಯುದ್ಧ ವಿಮಾನವಲ್ಲ.

ಮಾದರಿ ವಿಮಾನದಲ್ಲಿಯೂ ಹಾಗೆಯೇ. ರೆಕ್ಕೆ ಮೈಯ ಮೇಲ್ಭಾಗದಲ್ಲಿರಬೇಕು, ರೆಕ್ಕೆಯ ತುದಿಗಳು ತುಸು ಮೇಲೆ ಬಾಗಿರಬೇಕು. ಅಂಥ ವಿಮಾನ ಓಲಿದರೂ ಕೋಲು ಬಿಟ್ಟರೆ ಬಹುಮಟ್ಟಿಗೆ ತಾನೇ ಸಮನಾಗುತ್ತದೆ. ನಿಧಾನವಾಗಿ ಹಾರುತ್ತದೆ. ಫೋಮಿನದಾದ್ದರಿಂದ ಮುರಿದರೆ ಅಂಟಿಸಬಹುದು. ನಮ್ಮದರಲ್ಲಿ ಮೂರೇ ಹಿಡಿತಗಳು: ಮೋಟಾರಿನ ವೇಗಕ್ಕೆ ಥ್ರಾಟಲ್, ಮೂತಿ ಏರಿಸಿ ಇಳಿಸಲು ಎಲಿವೇಟರ್, ತಿರುಗಿಸಲು ರಡ್ಡರ್. ಮೂತಿಯನ್ನು ಅತಿಯಾಗಿ ಎತ್ತಿದರೆ ಏರು ಹತ್ತಲಾರದ ಬಂಡಿಯಂತೆ ವಿಮಾನದ ವೇಗ ಕುಂದಿ, ರೆಕ್ಕೆಯ ಎತ್ತುವ ಶಕ್ತಿ ಹೋಗಿ, ಕೆಳಗೆ ಬೀಳುತ್ತದೆ. ಆಗ ಮೂತಿ ತಗ್ಗಿಸಿ ವೇಗ ಕೊಡಬೇಕು. ಹೊಸಬರು ಹೆದರಿ ಇನ್ನಷ್ಟು ಎತ್ತುತ್ತಾರೆ, ಕೆಡಿಸಿಕೊಳ್ಳುತ್ತಾರೆ.

ನಮ್ಮನ್ನು ಕೆಡವಿದ ಎಡಬಲದ ಗುಟ್ಟೂ ಆಗ ತಿಳಿಯಿತು. ವಿಮಾನ ನಮ್ಮ ಕಡೆ ಬರುವಾಗ ಅದರ ಬಲ ನಮಗೆ ಎಡವಾಗುತ್ತದೆ. ಉಪಾಯ ಇಷ್ಟೇ: ಯಾವ ರೆಕ್ಕೆ ಕೆಳಗೆ ಬಾಗಿದೆಯೋ ಆ ಕಡೆಗೇ ಕೋಲು ಒತ್ತಬೇಕು, ಕೆಳಗೆ ಬಿದ್ದವನಿಗೆ ಕೈಕೊಟ್ಟು ಎತ್ತಿದ ಹಾಗೆ. ಇದನ್ನು ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಎರಡು ತಿಂಗಳು ರೂಢಿ ಮಾಡಿದೆವು. ಅಲ್ಲಿ ನಾನು ಬೀಳಿಸಿದ ವಿಮಾನಗಳಿಗೆ ಲೆಕ್ಕವಿಲ್ಲ, ಖರ್ಚೂ ಇಲ್ಲ!

ಬ್ಯಾಟರಿಯ ಬಗ್ಗೆ ದೊಡ್ಡವರಿಗೆ ಒಂದು ಮಾತು. ಲಿಥಿಯಂ ಪಾಲಿಮರ್ ಬ್ಯಾಟರಿ ಕಾಣಲು ಸಣ್ಣದು, ಕೆಟ್ಟರೆ ಬೆಂಕಿ. ಅದರದೇ ಚಾರ್ಜರ್ ಬಳಸಬೇಕು, ಚಾರ್ಜಿಗೆ ಹಚ್ಚಿ ಮಲಗಬಾರದು, ಹೊರಗೆ ಹೋಗಬಾರದು. ಉಬ್ಬಿದ್ದನ್ನು ಮತ್ತೆ ಬಳಸಬಾರದು. ಈ ಕೆಲಸ ಮಕ್ಕಳದಲ್ಲ, ನಮ್ಮದು.

ಹಾರಿಸುವ ಜಾಗಕ್ಕೆ ಊರಾಚೆಯ ಪರಿಚಯದವರ ಬೀಳು ಹೊಲವನ್ನು ಕೇಳಿಕೊಂಡೆವು. ಡಿಜಿಟಲ್ ಸ್ಕೈ ಎಂಬ ಸರ್ಕಾರದ ನಕಾಶೆಯಲ್ಲಿ ಕೆಂಪು, ಹಳದಿ, ಹಸಿರು ವಲಯಗಳಿವೆ. ಸಾಂಬ್ರಾದಂಥ ವಿಮಾನ ನಿಲ್ದಾಣದ ಸುತ್ತ ನಿರ್ಬಂಧವಿದೆ. ಹಸಿರು ವಲಯದಲ್ಲಿಯೂ 120 ಮೀಟರ್, ಅಂದರೆ 400 ಅಡಿ, ಮೀರುವಂತಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಹಿರಿಯರು ಮೊದಲು ಓದಿಕೊಳ್ಳಬೇಕು. ನಮ್ಮ ಕಡೆ ಇನ್ನೆರಡು ಶತ್ರುಗಳು: ಪಂಪ್‌ಸೆಟ್ಟಿನ ತಂತಿ ಮತ್ತು ಆಳೆತ್ತರದ ಕಬ್ಬು. ತಂತಿಗೆ ಸಿಕ್ಕರೆ ಕೋಲಿನಿಂದ ತೆಗೆಯಲು ಹೋಗಲೇಬಾರದು, ಲೈನ್‌ಮನ್‌ಗೆ ಹೇಳಬೇಕು. ಕಬ್ಬಿನಲ್ಲಿ ಬಿದ್ದರೆ ದೂರದ ಒಂದು ಮರಕ್ಕೆ ಗುರಿಯಿಟ್ಟು ದಿಕ್ಕು ಹಿಡಿದುಕೊಂಡು ಒಬ್ಬರು ನಿಂತಲ್ಲೇ ನಿಲ್ಲಬೇಕು, ಇನ್ನೊಬ್ಬರು ಒಳಗೆ ಹೋಗಬೇಕು. ಕಬ್ಬಿನ ರವದಿಯಿಂದ ಕೈ ಕೊಯ್ಸಿಕೊಂಡು ಕಲಿತ ಬುದ್ಧಿ ಇದು.

ಇಷ್ಟಾದ ಮೇಲೆ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ತಖ್ತೆ ಹಾಕಿದೆವು. ಪ್ರತಿ ಹಾರಾಟಕ್ಕೂ ಅವನದೊಂದು, ನನ್ನದೊಂದು ಸಹಿ.

1. ರೆಕ್ಕೆ, ಬಾಲ, ಪ್ರೊಪೆಲ್ಲರ್ ಬಿಗಿಯಾಗಿವೆಯೇ? ತೂಕ ಸಮವೇ?
2. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆಯೇ?
3. ಮೊದಲು ರಿಮೋಟ್ ಆನ್, ಆಮೇಲೆ ವಿಮಾನದ ಬ್ಯಾಟರಿ. ಮುಗಿದ ಮೇಲೆ ಮೊದಲು ಬ್ಯಾಟರಿ ತೆಗೆದು, ಕೊನೆಗೆ ರಿಮೋಟ್ ಆಫ್.
4. ಕೋಲು ಒತ್ತಿದ ಕಡೆಗೇ ರಡ್ಡರ್ ತಿರುಗುತ್ತಿದೆಯೇ?
5. ಗಾಳಿ ಎತ್ತ ಕಡೆಯಿಂದ? ಗಾಳಿಗೆ ಎದುರಾಗಿಯೇ ತೂರಬೇಕು, ಎದುರಾಗಿಯೇ ಇಳಿಸಬೇಕು.
6. ಮುಂದೆ ಜನ, ದನ, ರಸ್ತೆ ಇಲ್ಲವಷ್ಟೇ?

ಮೊದಲ ಹಾರಾಟ ಚಳಿಗಾಲದ ಒಂದು ಬೆಳಿಗ್ಗೆ, ಗಾಳಿ ಏಳುವ ಮುನ್ನ. ನಾನು ತೂರಿದೆ, ಅವನು ಹಿಡಿದ. ಎತ್ತರದಲ್ಲಿ ಎರಡು ದೊಡ್ಡ ಸುತ್ತು ಹೊಡೆದು, ಮೋಟಾರ್ ತಗ್ಗಿಸಿ, ಹೊಲದಲ್ಲಿ ಹೊಟ್ಟೆ ಸವರಿಕೊಂಡು ಇಳಿಯಿತು. ನಾನು ಆಕಾಶ ನೋಡಲಿಲ್ಲ, ನೆಲ ನೋಡುತ್ತಿದ್ದೆ. ಎರಡನೆಯವನ ಕೆಲಸ ಅದೇ: ಯಾರು ಬರುತ್ತಿದ್ದಾರೆ, ಏನು ಅಡ್ಡ ಬಂತು ಎಂದು ಹೇಳುತ್ತಿರುವುದು.

ನನಗೆ ಹೆಚ್ಚು ನೆನಪಿರುವುದು ಅದಾದ ಎರಡು ವಾರದ ಮೇಲಿನ ಒಂದು ದಿನ. ಎಲ್ಲ ತಾಳೆಯಾಗಿತ್ತು, ನಾನು ಸಹಿಯನ್ನೂ ಹಾಕಿದ್ದೆ, ತೂರಲು ಕೈ ಎತ್ತಿದ್ದೆ. ಅಷ್ಟರಲ್ಲಿ ಮೊಮ್ಮಗ, "ಅಜ್ಜಾ, ತಡಿ" ಎಂದ. ನನ್ನ ಕನ್ನಡಕಕ್ಕೆ ಕಾಣದ ಬದುವಿನ ಹಿಂದೆ ಆಡಿನ ಹಿಂಡಿನ ಜೊತೆ ಸಣ್ಣ ಹುಡುಗನೊಬ್ಬ ಬರುತ್ತಿದ್ದ. ಮೊಮ್ಮಗ ಬ್ಯಾಟರಿ ತೆಗೆಸಿದ, ರಿಮೋಟ್ ಆಫ್ ಮಾಡಿದ, ಆಡುಗಳು ದಾಟುವವರೆಗೆ ಬದುವಿನ ಮೇಲೆ ಕುಳಿತ. ಅಷ್ಟರಲ್ಲಿ ಗಾಳಿ ಎದ್ದಿತು. "ಇವತ್ತ ಬ್ಯಾಡ ಅಜ್ಜಾ, ನಾಳೆ ಬರೂಣು" ಎಂದ.

ಅಂದು ವಿಮಾನ ಹಾರಲಿಲ್ಲ. ತಖ್ತೆಯಲ್ಲಿ ಆ ಸಾಲಿನ ಮುಂದೆ 'ಹಾರಿಸಿಲ್ಲ' ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಮನೆಗೆ ಬಂದು ಅಜ್ಜಿ ಕೊಟ್ಟ ಚಹಾ ಕುಡಿಯುವಾಗ ಮೊಮ್ಮಗನ ಬೆನ್ನು ತಟ್ಟಿದೆ. ಮುಂದಿನ ವಾರ ನೆರೆಮನೆಯ ಆ ಹುಡುಗಿಯೂ ಅಪ್ಪನ ಕೈ ಹಿಡಿದುಕೊಂಡು ನೋಡಲು ಬಂದಳು. ಅವಳಿಗೆ ಈಗ ಥರ್ಮಾಕೋಲ್ ಗ್ಲೈಡರ್ ಮಾಡಿಕೊಡಬೇಕಾಗಿದೆ.